ಬೆಂಡಿನ ಬೆನ್ನ ಮೇಲಿನ ಗೀರು

ಉಕ್ಕಿನ ಮೇಲೆ ಗೀರು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಸಿಟ್ಟು ಗೀರಿನ ಮೇಲಲ್ಲ, ನನ್ನ ಉಸ್ತಾದರ ಮೇಲೆ.

ಬಸವನ ಬಾಗೇವಾಡಿ ಹತ್ತಿರದ ಪೈಪಿನ ಯಾರ್ಡಿನಲ್ಲಿ ನಾನು ಬೆಂಡುಗಳ ತಪಾಸಣೆ ಮಾಡುತ್ತಿದ್ದೆ. ನೀರಿನ ದೊಡ್ಡ ಪೈಪು ತಿರುಗುವ ಕಡೆ ಕೂಡಿಸುವ, ಮೊಣಕೈಯಂತೆ ಬಾಗಿದ ತುಂಡೇ ಬೆಂಡು. ಡಿಪ್ಲೊಮಾ ಮುಗಿಸಿ ಸಿಂದಗಿಯಿಂದ ಬಂದಿದ್ದ ನಾನು ಅಲ್ಲಿ ಒಬ್ಬಳೇ ಹೆಣ್ಣುಮಗಳು. "ಇಕಿ ಏನ ನೋಡ್ತಾಳ, ಪ್ಯಾಟ್ಯಾಗ ಬಳಿ ಆರಿಸಿದಂಗ" ಎಂದು ನಕ್ಕವರ ಬಾಯಿ ಮುಚ್ಚಿಸಿದವರು ಉಸ್ತಾದರು. ಇಂಡಿ ಕಡೆಯವರು, ಐವತ್ತು ದಾಟಿದ ಫೋರ್‌ಮನ್. ನನ್ನನ್ನು ಮಗಳ ಎಂದೇ ಕರೆಯುತ್ತಿದ್ದರು.

ಬೆಂಡಿಗೂ ಬೆನ್ನು, ಹೊಟ್ಟೆ ಇರುತ್ತವೆ ಎಂದು ಕಲಿಸಿದವರೂ ಅವರೇ. ಬಾಗಿಸುವಾಗ ಒಳಮಗ್ಗುಲು, ಅಂದರೆ ಹೊಟ್ಟೆ, ಒತ್ತಿಕೊಂಡು ದಪ್ಪವಾಗುತ್ತದೆ, ಹೊರಮಗ್ಗುಲಾದ ಬೆನ್ನು ಹಿಗ್ಗಿ ತೆಳ್ಳಗಾಗುತ್ತದೆ. "ಹೊಟ್ಟಿಮ್ಯಾಗ ಗೀರಿದ್ರ ಜಗಳ ತಗಿ. ಬೆನ್ನಮ್ಯಾಗ ಗೀರಿದ್ರ ಊಟಾ ಬಿಡು" ಎನ್ನುತ್ತಿದ್ದರು. ಗೀರನ್ನು ಸುತ್ತಲಿನ ಮೈಗೆ ಇಳಿಜಾರಾಗುವಂತೆ ಉಜ್ಜಬೇಕು, ಕೆಂಪು ದ್ರವ ಸವರಿ ಒರೆಸಿ ಬಿಳಿ ಪುಡಿ ಹೊಡೆದು ಬಿರುಕು ಹುಡುಕಬೇಕು, ಉಳಿದ ದಪ್ಪ ಅಳೆಯಬೇಕು. ಕಡಿಮೆ ಬಂತೋ, ಬೆಸುಗೆ ತುಂಬಬೇಕು, ಇಲ್ಲವೇ ಬೆಂಡನ್ನೇ ಬಿಸಾಡಬೇಕು. "ಪುಟ್ಟಿ ಮೆತ್ತೂದು ಹಳೇ ಜೀಪಿಗೆ, ನೀರಿನ ಪೈಪಿಗಲ್ಲ" ಎಂದು ಅವರು ಹೇಳಿದ್ದು ಒಂದು ಸಲವಲ್ಲ, ನೂರು ಸಲ.

ಗೀರು ಬೀಳುತ್ತಿದ್ದುದು ಹೆಚ್ಚಾಗಿ ಕ್ರೇನಿನ ಸರಪಳಿಯಿಂದ. ಸರಪಳಿಯ ಕೆಳಗೆ ಇಡುತ್ತಿದ್ದ ಗೋಣಿಚೀಲ ಎರಡೇ ದಿನಕ್ಕೆ ಚಿಂದಿಯಾಗುತ್ತಿತ್ತು. "ಒಂದು ದಪ್ಪನ ಕೌದಿ ಇದ್ರ ಬೆಂಡಿಗೆ ಉಗುರೂ ತಾಗೂದಿಲ್ಲ ನೋಡ" ಎಂದರು ಒಮ್ಮೆ. ಮನೆಯಲ್ಲಿ ಹೇಳಿದೆ. ಅವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆದರೂ ಹಟ ಹಿಡಿದು, ಹಳೆಯ ಇಳಕಲ್ ಸೀರೆ, ಅಪ್ಪನ ಧೋತರ, ನನ್ನ ಸಾಲಿಯ ಲಂಗ ಎಲ್ಲ ಒಟ್ಟು ಮಾಡಿ, ಬೆರಳಿನಿಂದ ತಡವಿ ತಡವಿ ಹೊಲಿದಳು. ಸೂಜಿಗೆ ದಾರ ಪೋಣಿಸಿಕೊಡುವುದಷ್ಟೇ ನನ್ನ ಕೆಲಸ. ಆ ಕೌದಿಯನ್ನು ಉಸ್ತಾದರ ಕೈಗೆ ಕೊಟ್ಟಾಗ ಅವರು ಕಣ್ಣಿಗೆ ಒತ್ತಿಕೊಂಡರು. ನಾನು ಮರುಳಿ, ಉಬ್ಬಿಹೋದೆ.

ಅದೇ ವಾರ ಹೊಸ ಬೆಂಡೊಂದರ ಬೆನ್ನ ಮೇಲೆ ಕಿರುಬೆರಳಿನ ಉಗುರು ಕೂರುವಷ್ಟು ಆಳದ ಗೀರು ಸಿಕ್ಕಿತು. ಹಳದಿ ಸೀಮೆಸುಣ್ಣದಿಂದ ಸುತ್ತು ಹಾಕಿ ಉಸ್ತಾದರನ್ನು ಕರೆದೆ.

"ಕೌದಿ ಇಟ್ಟಿರಲಿಲ್ಲೇನ್ರಿ?"

"ಇಟ್ಟಿದ್ವಿ ಮಗಳ. ಎತ್ತೂಮುಂದ ಜಾರಿತು."

ಮರುದಿನ ವಿಜಯಪುರದಲ್ಲಿ ಅವ್ವನ ಮೊದಲ ಕಣ್ಣಿನ ಆಪರೇಷನ್ ಇತ್ತು. "ನೀ ಹೋಗು, ತಾಯಿ ಮುಂದ ಯಾವ ಬೆಂಡು? ನಾ ನೋಡ್ಕೋತೇನಿ" ಎಂದರು. ನಾಲ್ಕು ದಿನ ಬಿಟ್ಟು ಬಂದರೆ ಬೆಂಡಿಗೆ ಬಣ್ಣ ಬಿದ್ದು ಮದುಮಗಳಂತೆ ಮಿಂಚುತ್ತಿತ್ತು. "ಉಜ್ಜೇನಿ, ಅಳದೇನಿ, ದಪ್ಪ ಬೇಕಾದಷ್ಟು ಐತಿ" ಎಂದರು. ಬಣ್ಣ ಕೆರೆದು ನಾನೇ ಅಳೆಯಬೇಕಿತ್ತು. ಅಳೆಯಲಿಲ್ಲ. ಪಾಸಾದ ಬೆಂಡಿನ ಮೇಲೆ ತಪಾಸಣೆ ಮಾಡಿದವರ ನಂಬರು ಬರೆಯುವುದು ನಮ್ಮ ಯಾರ್ಡಿನ ಪದ್ಧತಿ. ಹನ್ನೊಂದು ಎಂದು ನನ್ನ ನಂಬರು ಬರೆದೆ. ತಪ್ಪು ನನ್ನದೂ ಇದೆ, ಇಲ್ಲವೆನ್ನುವುದಿಲ್ಲ. ಹಾಲು ಎಂದುಕೊಂಡು ಸುಣ್ಣದ ನೀರು ಕುಡಿದೆ.

ಮುದ್ದೇಬಿಹಾಳದ ಹತ್ತಿರ ಪೈಪಿಗೆ ನೀರು ತುಂಬಿ ಒತ್ತಡ ಏರಿಸಿದ ದಿನ ಅದೇ ಬೆಂಡು ಸೀಳಿತು. ಎರೆಮಣ್ಣಿನ ತಗ್ಗು ಕೆರೆಯಾಯಿತು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ನೀರು ಬಸಿದ ಮೇಲೆ ನಾನೇ ಇಳಿದು ನೋಡಿದೆ. ಸೀಳಿನ ಅಂಚಿನಿಂದ ಬೂದು ಬಣ್ಣದ ಪುಟ್ಟಿ ಚಕ್ಕೆ ಚಕ್ಕೆಯಾಗಿ ಕೈಗೆ ಬಂತು. ಮೇಲೆ ನಿಂತಿದ್ದ ಉಸ್ತಾದರ ಕಡೆ ನೋಡಿದೆ. ಅವರು ಇಂಜಿನಿಯರಿಗೆ, "ನಂಬರು ಹನ್ನೊಂದ ಐತಲ್ರಿ ಸಾಹೇಬ್ರ, ಆ ಹುಡುಗೀನ ಕೇಳ್ರಿ" ಎಂದರು.

ಮಗಳ ಎನ್ನಲಿಲ್ಲ. ಹುಡುಗಿ ಎಂದರು.

ತಪಾಸಣೆಯಿಂದ ನನ್ನನ್ನು ತೆಗೆದು ಸ್ಟೋರಿಗೆ ಹಾಕಿದರು. ಇನ್ನು ಯಾವ ಬೆಂಡಿನ ಮೇಲೂ ನನ್ನ ನಂಬರು ಬೀಳುವಂತಿರಲಿಲ್ಲ. ನಕ್ಕವರೆಲ್ಲ ಮತ್ತೆ ನಕ್ಕರು. ಹದಿನೈದು ದಿನ ನುಂಗಿಕೊಂಡೆ. ಆಮೇಲೆ, ಉಸ್ತಾದರ ಬಾಯಿಂದಲೇ ನಿಜ ಕೇಳಬೇಕೆಂದು ಒಂದು ಭಾನುವಾರ ಇಂಡಿಯ ಬಸ್ಸು ಹತ್ತಿದೆ.

ಉಸ್ತಾದರು ಮನೆಯಲ್ಲಿರಲಿಲ್ಲ. ಅವರ ಹೆಂಡತಿ, ಏನೂ ಅರಿಯದ ಹೆಣ್ಣುಮಗಳು, "ಬಾರವಾ, ಈಗ ಬರ್ತಾರ, ಕುಂಡ್ರು" ಎಂದು ಪೆಟ್ಟಿಗೆಯೊಳಗಿಂದ ಕೌದಿ ತೆಗೆದು ಹಾಸಿದರು. ನಡುವೆ ಇಳಕಲ್ಲಿನ ಕೆಂಪು ಸೆರಗು. ಮೂಲೆಯಲ್ಲಿ ನನ್ನ ನೀಲಿ ಲಂಗ.

"ಮನಿಗೆ ಯಾರರೆ ಬಂದ್ರಷ್ಟ ತಗೀತೇನಿ. ಇಂಥಾದ್ದನ್ನ ಯಾರರೆ ಕಬ್ಬಿಣದ ಬುಡಕ ಹಾಕ್ತಾರೇನು ಅಂತ, ಇಸಗೊಂಡ ದಿನಾನ ತಂದಾರ ನೋಡ" ಎಂದರು ಅಭಿಮಾನದಿಂದ.

ಅಂದರೆ ಕೌದಿ ಜಾರಿರಲಿಲ್ಲ. ಅಲ್ಲಿ ಇರಲೇ ಇಲ್ಲ. ಬರಿ ಸರಪಳಿ ಬೆಂಡನ್ನು ಕೊರೆದಿತ್ತು, ಆ ಗೀರನ್ನು ಮುಚ್ಚಲು ಪುಟ್ಟಿ ಬಂದಿತ್ತು, ಪುಟ್ಟಿಯನ್ನು ಮುಚ್ಚಲು ನನ್ನ ನಂಬರು. ಅಷ್ಟರಲ್ಲಿ ಉಸ್ತಾದರು ಬಂದರು. ನನ್ನನ್ನೂ ಕೌದಿಯನ್ನೂ ನೋಡಿ ಹೊಸ್ತಿಲಲ್ಲೇ ನಿಂತರು.

"ಕೇಳಿದ್ರ ನಿಮ್ಮ ಮನಿಗೆ ಬ್ಯಾರೇ ಒಂದು ಹೊಲದು ಕೊಡ್ತಿದ್ಳರಿ ನಮ್ಮವ್ವ" ಎಂದೆ. ಕೌದಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಟುಬಂದೆ.

ಇಂಡಿಯಲ್ಲಿ ಕಂಡದ್ದನ್ನು ಹೇಳದೆ ಕೌದಿಯನ್ನು ಅವ್ವನ ಕೈಗೆ ಕೊಟ್ಟೆ. ಕೌದಿ ಜಾರಿ ಬೆಂಡು ಕೆಟ್ಟಿತೆಂದು ನನ್ನ ಬಾಯಿಂದ ಕೇಳಿದಾಗಿನಿಂದ ಅವಳು, ದಪ್ಪ ಸಾಲಲಿಲ್ಲವೇನೋ, ಹೊಲಿಗೆ ಸಡಿಲಾಯಿತೇನೋ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಕಟ್ಟು ಬಿಚ್ಚಿದ ಕಣ್ಣಿನ ಹತ್ತಿರ ಕೌದಿಯನ್ನು ಹಿಡಿದು, ಈ ಮಗ್ಗುಲು ಆ ಮಗ್ಗುಲು ಹೊರಳಿಸಿ ಬಹಳ ಹೊತ್ತು ನೋಡಿದಳು. ತಾನು ಹೊಲಿದದ್ದನ್ನು ಅವಳು ಕಂಡದ್ದು ಅದೇ ಮೊದಲು.

"ಸರಪಳಿ ಬುಡಕ ಇತ್ತಂದಿ. ಇದರಾಗ ಒಂದು ಗೀರೂ ಇಲ್ಲಲ್ಲವಾ" ಎಂದಳು.