ಹಳೇ ಡ್ರೈವಿನಲ್ಲಿ ಬಿಟ್ಟ ಹಿಡಿ ಜೋಳ

ಅಥವಾ ಆ ಮಾತು ಅಂದದ್ದು ನನ್ನ ಹೆಂಡತಿ ಗಿರಿಜಾ ಅಲ್ಲವೇನೋ. ನನ್ನ ನೆನಪಿನಲ್ಲಿ ಅವಳು ಬಾಗಿಲಿಗೆ ಒರಗಿ ನಿಂತಿದ್ದಾಳೆ, ಕೈಗೆ ಹಿಟ್ಟು ಅಂಟಿದೆ. ಹಿಟ್ಟು ನಾನು ಆಮೇಲೆ ಹಚ್ಚಿದ್ದಿರಬಹುದು. ನೆನಪು ಒಂದು ವಾಕ್ಯ ಕೊಟ್ಟರೆ ನಾನು ಅದಕ್ಕೊಂದು ಅಡುಗೆಮನೆಯನ್ನೇ ಕಟ್ಟಿಬಿಡುವವನು. ಹಾಗಾಗಿ ಇದನ್ನು ನೀವು ಅರ್ಧ ನಂಬಿದರೆ ಸಾಕು.

ರಂಗಂಪೇಟೆಯ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಸಿ ಡ್ರೈವ್ ತುಂಬಿತ್ತು. ಎರಡನೆಯ ಡಿಸ್ಕ್ ಹಾಕಿಸಿದೆ, ಅದು ಡಿ ಆಯಿತು. ಫೋಟೊ, ಕಾಗದಪತ್ರ, ಧ್ವನಿಮುದ್ರಣ, ನನ್ನ ಎಲ್ಲ ಫೋಲ್ಡರುಗಳನ್ನೂ ಅಲ್ಲಿಗೆ ಸಾಗಿಸಲು ಕೂತೆ. ಮನೆ ಬದಲಿಸುವವನ ಮುಖಕ್ಕೆ ಒಂದು ಹುಸಿ ಗಾಂಭೀರ್ಯ ಬರುತ್ತದೆ. ನನಗೂ ಬಂದಿತ್ತು, ಎತ್ತಿದ್ದು ಬರೀ ಬೆರಳಾದರೂ.

ಆಗ ಗಿರಿಜಾ ಅಂದಳು, ಇಲ್ಲವೇ ಅವಳನ್ನು ಅಣಕಿಸಿ ನಾನೇ ಅಂದೆ: “ಪೂರಾ ಖಾಲಿ ಮಾಡಬ್ಯಾಡ್ರಿ. ಹಳೇ ಮನ್ಯಾಗ ಏನರ ಒಂದು ಬಿಟ್ಟು ಬರಬೇಕು.”

ಅವಳ ತವರಿನ ರೂಢಿ ಅದು. ಮನೆ ಬಿಡುವಾಗ ಮೂಲೆಯಲ್ಲಿ ಹಿಡಿ ಜೋಳ ಇಟ್ಟು ಬರುತ್ತಾರೆ. ಹುಳ ಹಿಡಿದದ್ದಲ್ಲ, ಇದ್ದುದರಲ್ಲಿ ಒಳ್ಳೆಯದು. ಕೆಟ್ಟದ್ದು ಬಿಟ್ಟರೆ ಅದು ಬೆನ್ನು ಹತ್ತಿ ಬರುತ್ತದಂತೆ. ಹಳೇ ರಾಜಧಾನಿ ವಾಗಣಗೇರಾ ಬಿಟ್ಟು ಬಂದ ಅರಸರು ಇಲ್ಲೇ ಪಕ್ಕದ ಸುರಪುರದಲ್ಲಿ ಏನೇನು ಕಟ್ಟಿದರೆಂದು ಹೇಳುವವರು ಊರ ತುಂಬ ಇದ್ದಾರೆ. ಅಲ್ಲಿ ಏನು ಬಿಟ್ಟು ಬಂದರೆಂದು ಕೇಳಿ ನೋಡಿ, ಚಹಾ ತರಿಸುತ್ತಾರೆ.

ನಾವೂ ಸಿ ಡ್ರೈವಿನಲ್ಲಿ ಒಂದನ್ನು ಬಿಟ್ಟೆವು, ಇದ್ದುದರಲ್ಲಿ ಒಳ್ಳೆಯದನ್ನು. ಗಿರಿಜಾಳನ್ನು ಸಾಕಿ ಬೆಳೆಸಿದ್ದು ಹತ್ತಿಕುಣಿಯ ಅವಳ ಅಕ್ಕ ನೀಲವ್ವ. ತೀರಿಕೊಳ್ಳುವ ಮೊದಲು ಅವಳು ಫೋನಿನಲ್ಲಿ ಆಡಿದ ಮಾತೊಂದು ನಮ್ಮಲ್ಲಿ ಧ್ವನಿಮುದ್ರಣವಾಗಿ ಉಳಿದಿತ್ತು; ಬಿಟ್ಟದ್ದು ಅದನ್ನೇ. ಶೇಂಗಾ ಹೋಳಿಗೆ ಸೀದು ಹೋಯಿತೆಂದ ತಂಗಿಗೆ ಬೈಗುಳ: “ಹಂಚಿನ ಕಾವು ನಿನಗ ಯಾವಾಗ ತಿಳೀತದವಾ? ನಾ ಸತ್ತ ಮ್ಯಾಲೇನು?” ಕೊನೆಗೊಂದು ನಗು ಇತ್ತು ಎಂದು ಬರೆದು, ಈಗ ಹೊಡೆದುಹಾಕಿದೆ. ಅವಳ ಧ್ವನಿ ಉಳಿದದ್ದು ಅದೊಂದರಲ್ಲೇ. ಹೋಳಿಗೆ ಮಾಡುವ ದಿನ ಗಿರಿಜಾ ಅದನ್ನು ಹಚ್ಚಿಸಿ ಕೇಳುತ್ತಿದ್ದಳು.

ಇನ್ನೊಂದು ಪ್ರತಿ ಯಾಕೆ ಇಡಲಿಲ್ಲ ಎನ್ನುತ್ತೀರಿ. ಪ್ರತಿ ಇಟ್ಟುಕೊಂಡರೆ ಅದು ಬಿಟ್ಟಂತಾಗುವುದಿಲ್ಲವಲ್ಲ. ಅಲ್ಲದೆ ಸಿ ಏನು ದೂರದೂರೇ?

ಆಮೇಲೆ ಯಾದಗಿರಿಯ ನೆಂಟರೊಬ್ಬರ ಕಂಪ್ಯೂಟರಿಗೆ ವೈರಸ್ ಬಂತೆಂದು ಕೇಳಿ, ಹೆದರಿ, ನಾನೂ ಒಂದು ಆಂಟಿವೈರಸ್ ತಂದೆ. ಅದು ಇನ್‌ಸ್ಟಾಲ್ ಆಗಲೊಲ್ಲದು. ಹಸಿರು ಪಟ್ಟಿ ಕೊನೆಯವರೆಗೂ ತುಂಬಿ, ಫೋಲ್ಡರು ಇರಬೇಕಾದ ಕಡೆ ಇಲ್ಲವೆಂದು ಗೊಣಗಿ, ಹಾಕಿದ್ದನ್ನೆಲ್ಲ ಕಿತ್ತುಕೊಂಡು ಹೋಗುತ್ತಿತ್ತು. ಕಂಪ್ಯೂಟರನ್ನು ಶಹಾಪುರದ ರಿಪೇರಿ ಅಂಗಡಿಗೆ ಇಬ್ಬರೂ ಒಯ್ದೆವು. ಅಂಗಡಿಯ ಮೌಲಾಲಿ ನೋಡಿ ನಕ್ಕ.

“ಏನ್ ಸರ, ಮನಿ ಡಿ ದಾಗ, ಪತ್ತಾ ಸಿ ದಾಗ! ಕಾವಲು ಕಾಯಾವ ಪಾಪ ಎಲ್ಲಿ ಹುಡುಕಬೇಕ್ರಿ? ಸಿ ಪೂರಾ ಒರಸಿ ಹೊಸದಾಗಿ ಹಾಕ್ತೀನಿ. ನಿಮ್ಮ ಸಾಮಾನೆಲ್ಲಾ ಡಿ ದಾಗ ಅದಲ್ರಿ?”

“ಎಲ್ಲಾ ಅದ” ಎಂದದ್ದು ನಾನು ಎನ್ನುತ್ತಾಳೆ ಗಿರಿಜಾ. ಅವಳೇ ಎಂದು ನನ್ನ ನೆನಪು. ಸಿ ಜೊತೆಗೆ ನೀಲವ್ವನ ಮಾತೂ ಒರೆಸಿಹೋದದ್ದು ಗೊತ್ತಾಗಿ, ವಾರದ ಮೇಲೆ ಹೋಗಿ ಮೌಲಾಲಿಯನ್ನೇ ಕೇಳಿದೆವು. “ಇಬ್ರೂ ಕೂಡೇ ಅಂದ್ರಿ ಬಿಡ್ರಿ” ಎಂದ. ಗಿರಾಕಿಗಳ ಜಗಳ ಬಿಡಿಸಿ ರೂಢಿಯಾದವನು. ನೀಲವ್ವನ ಮಾತು ತಿರುಗಿ ತೆಗೆಯಲು ಬರುತ್ತದೆಯೇ ಎಂದರೆ ತಲೆಯಾಡಿಸಿದ. “ಅದರ ಮ್ಯಾಲ ಹೊಸಾದು ಕುಂತದ್ರಿ ಅಕ್ಕಾರ. ಇನ್ನ ಬರಲ್ಲ.”

ಈಗ ಆಂಟಿವೈರಸ್ ಸರಿಯಾಗಿ ಕೂತಿದೆ. ದಿನಾ ಪರದೆಯ ಮೂಲೆಯಿಂದ ಎದ್ದು, ನಿಮ್ಮ ಕಂಪ್ಯೂಟರು ಸುರಕ್ಷಿತ ಎನ್ನುತ್ತದೆ. ಹೌದು, ಕಳೆಯುವಂಥದ್ದು ಏನೂ ಉಳಿದಿಲ್ಲ. ನಮ್ಮ ಮನೆಗೆ ಯಾವ ವೈರಸ್ಸೂ ಬಂದಿರಲಿಲ್ಲ. ಒರೆಸಿದ್ದೆಲ್ಲ ಕಾವಲುಗಾರನಿಗೆ ಜಾಗ ಮಾಡಿಕೊಡಲಿಕ್ಕೆ.

ಮೊನ್ನೆ ಗಿರಿಜಾ ಹೋಳಿಗೆ ಮಾಡಿದಳು. ಅದನ್ನು ಹಚ್ಚಿರಿ ಎಂದು ಕರೆಯಲಿಲ್ಲ. ಒಂದು ಹೋಳಿಗೆ ಸೀದಿತು. ಅಕ್ಕನ ಬೈಗುಳವನ್ನು ತಾನೇ ಅಂದುಕೊಂಡಳು, ಒಮ್ಮೆ ಮೆಲ್ಲಗೆ, ಒಮ್ಮೆ ಬಿರುಸಾಗಿ. ಎರಡೂ ಹೊಂದಲಿಲ್ಲವೆಂದು ಕಾಣುತ್ತದೆ. ನನ್ನ ಕಡೆ ತಿರುಗಿದಳು.

“ಬೈದು ಕಡೀಗೆ ನಕ್ಕಿದ್ಲಲ್ರಿ, ಅಕ್ಕ? ಸಿಟ್ಟಿಲೆ ಅಂದಿರಲಿಲ್ಲಲ್ರಿ?”

ನನಗೆ ಗೊತ್ತಿಲ್ಲ.