ಹೊರಸಿಗೂ ಪಾರ್ಕಿಂಗ್ ಚೀಟಿ

"ನಾಲ್ಕು ಕಾಲು ಅದಾವಲ್ಲಬೇ ಯವ್ವಾ, ಕಾರಿನ ರೇಟ್ ಕೊಡು!"

ಸಿಂಧನೂರಿನ ಬಜಾರಿನಲ್ಲಿ ಪಾರ್ಕಿಂಗ್ ಶುಲ್ಕದ ಗುತ್ತಿಗೆ ಹಿಡಿದವರ ಆಳು ಗದರುತ್ತಿದ್ದುದು ಗಾಡಿಯವರಿಗಲ್ಲ, ಶಾವಿಗೆ ಗಿರಣಿಯ ಅಜ್ಜಿಗೆ. ಆಕೆ ಎಂದಿನಂತೆ ಅಂಗಡಿ ಮುಂದೆ ಹಗ್ಗದ ಮಂಚ, ಅದೇ ಹೊರಸು, ಹಾಕಿ ಹಸಿ ಶಾವಿಗೆ ಒಣಹಾಕಿದ್ದಳು. ಹೊಸದಾಗಿ ಬಂದದ್ದು ಅದರ ಸುತ್ತಲಿನ ಬಿಳಿ ಗೆರೆ. ಜಾಗ ಹಿಡಿದವರೆಲ್ಲ ಶುಲ್ಕ ಕೊಡಬೇಕೆಂದು ಟೆಂಡರಿನಲ್ಲೇ ಬರೆದಿದೆಯಂತೆ. ಅಜ್ಜಿ ಜಗಳವಾಡಲಿಲ್ಲ. ದುಡ್ಡು ಕೊಟ್ಟು, ಚೀಟಿಯನ್ನು ಹೊರಸಿನ ಹಗ್ಗಕ್ಕೆ ಸಿಗಿಸಿ, ಪಕ್ಕದಲ್ಲೇ ಬೈಕ್ ನಿಲ್ಲಿಸುತ್ತಿದ್ದ ನನ್ನತ್ತ ತಿರುಗಿದಳು.

"ತಮ್ಮಾ, ಈ ಗೆರಿ ಒಳಗ ಎಲ್ಲಾ ನಂದು. ರೊಕ್ಕ ಕೊಟ್ಟೀನಿ."

ಬ್ಯಾಂಕಿನವರು ಊಟಕ್ಕೆ ಏಳುವ ಮೊದಲು ನಾನು ಅಲ್ಲಿರಬೇಕಿತ್ತು. ಬೇರೆಲ್ಲೂ ಜಾಗವಿರಲಿಲ್ಲ. ಕೈಮುಗಿದೆ. ಆಕೆ ಬೈಕನ್ನು ಮೇಲಿಂದ ಕೆಳಗೆ ಅಳೆದು ನೋಡಿ, "ಇರ್ಲಿ, ಬಿಟ್ಟು ಹೋಗು" ಎಂದಳು.

ಮರಳಿ ಬಂದರೆ ಹ್ಯಾಂಡಲ್, ಕನ್ನಡಿ, ಸೀಟು ಎಲ್ಲೆಲ್ಲೂ ಶಾವಿಗೆ ಇಳಿಬಿದ್ದಿತ್ತು. "ಒಣಗೂತನಕ ಗಾಡಿ ಮುಟ್ಟಬ್ಯಾಡ" ಎಂದಳು ಅಜ್ಜಿ. ಹೊತ್ತು ಇಳಿಯುವವರೆಗೆ ನಾನೂ, ಚೀಟಿ ಕೊಟ್ಟವನೇ ಕಾಯಬೇಕೆಂದು ಅಜ್ಜಿ ಕೂರಿಸಿದ್ದ ಆ ವಸೂಲಿಯವನೂ ಕಾಗೆ ಓಡಿಸುತ್ತ ಕೂತೆವು.

ಮನೆಗೆ ಬಂದಾಗ ಹೆಂಡತಿ ಕನ್ನಡಿಗೆ ಸಿಕ್ಕಿಕೊಂಡಿದ್ದ ಶಾವಿಗೆ ಎಳೆಯೊಂದನ್ನು ಬಿಡಿಸಿ, ಇಷ್ಟು ಹೊತ್ತು ಏನು ಮಾಡುತ್ತಿದ್ದಿರಿ ಎಂದು ಕೇಳಿದಳು. ಪಾರ್ಕಿಂಗ್ ಎಂದೆ. ಇವತ್ತಿಗೂ ನಂಬಿಲ್ಲ.