ವೈನಿಯ ಫೋಟೋ, ನನ್ನ ಸಿಕ್ಕಾ

ನಮ್ಮ ವೈನಿಯ ಬಲಗೈ ಉಗುರುಗಳು ಸದಾ ಕಂದು ಬಣ್ಣಕ್ಕೆ ತಿರುಗಿರುತ್ತಿದ್ದವು. ಫೋಟೋ ತೊಳೆಯುವ ಔಷಧದ ಕಲೆ ಅದು. ಹುಣಸೆಹಣ್ಣು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಗುರುತಿಲ್ಲದ ಹೆಂಗಸರು ಯಾರಾದರೂ "ಯಾವ ಹಬ್ಬಕ್ಕ ಹಚ್ಕೊಂಡಿದ್ರಿ ಈ ಗೋರಂಟಿ?" ಎಂದರೆ, "ಇದು ನನ್ನ ಗಂಡ ಬಿಟ್ಟು ಹೋದ ಗೋರಂಟಿರೀ" ಅನ್ನುತ್ತಿದ್ದಳು. ನನ್ನ ಉಗುರಿಗೆ ಹತ್ತುತ್ತಿದ್ದದ್ದು ಸಿಕ್ಕಾದ ನೀಲಿ ಮಸಿ ಮಾತ್ರ. ಅವಳು ತೆಗೆದ ಪ್ರತಿ ಫೋಟೋದ ಹಿಂದೆ ರಬ್ಬರ್ ಸಿಕ್ಕಾ ಒತ್ತುವುದು ನನ್ನ ಕೆಲಸ. ಆ ಸಿಕ್ಕಾದಲ್ಲಿ ಇದ್ದದ್ದು ನನ್ನ ಹೆಸರು.

ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ಹಳೇ ಬಾಗಲಕೋಟೆಯಲ್ಲಿ, ಊರಿಗೆ ಅಣೆಕಟ್ಟಿನ ಹಿನ್ನೀರು ಬರುವುದಕ್ಕೆ ಎಷ್ಟೋ ಮೊದಲು, ಅಣ್ಣ ಸಣ್ಣ ಸ್ಟುಡಿಯೋ ಇಟ್ಟಿದ್ದ. ಕೆಲಸವನ್ನೆಲ್ಲ ಹೆಂಡತಿಗೆ ಕಲಿಸಿದ. ನನಗೂ ಕಲಿಸಲು ನೋಡಿದ, ನನ್ನ ತಲೆಗೆ ಹತ್ತಲಿಲ್ಲ. ಅಣ್ಣ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಬಾಗಿಲ ಮೇಲೆ ಹೆಂಗಸಿನ ಹೆಸರು ಬರೆಸಿದರೆ ಗಿರಾಕಿ ಬರುವುದಿಲ್ಲವೆಂದು ಹಿರಿಯರು ನನ್ನ ಹೆಸರು ಬರೆಸಿದರು. ನಾನು ಬೇಡ ಅನ್ನಲಿಲ್ಲ.

ಬಚ್ಚಲಮನೆಯ ಕಿಟಕಿಗೆ ಕರಿ ಕಂಬಳಿ ಹೊದಿಸಿದರೆ ಅದೇ ಅವಳ ಕತ್ತಲಕೋಣೆ. ರೋಲ್ ತೊಳೆಯುವಾಗ ಗಡಿಯಾರ ನೋಡುತ್ತಿರಲಿಲ್ಲ, ಬೀಸುವ ಪದ ಹಾಡುತ್ತಿದ್ದಳು. ಪದ ಮುಗಿದರೆ ಔಷಧದಿಂದ ರೋಲ್ ತೆಗೆಯುವ ಹೊತ್ತು. ಸಿಟ್ಟು ಬಂದ ದಿನ ಪದ ಓಡುತ್ತಿತ್ತು, ಫೋಟೋ ಮಂಕಾಗಿ ಬರುತ್ತಿದ್ದವು. ಗಿರಾಕಿ ಗೊಣಗಿದರೆ ನಾನೇ ಬೈಸಿಕೊಳ್ಳುತ್ತಿದ್ದೆ. ಅವಳಿಗಾಗಿ ನಾನು ಹೊತ್ತ ಭಾರ ಅಂದರೆ ಅದೊಂದೇ.

ಎದೆಗೆ ಆನಿಸಿಕೊಂಡು ಮೇಲಿನಿಂದ ಬಗ್ಗಿ ನೋಡುವ ಡಬ್ಬಿ ಕ್ಯಾಮೆರಾ ನಮ್ಮದು. ತಲೆ ಬಗ್ಗಿಸಿ ನಿಂತ ವೈನಿ ತಮ್ಮನ್ನು ನೋಡುತ್ತಿದ್ದಾಳೆ ಅಂತ ಹೆಂಗಸರಿಗೆ ಅನ್ನಿಸುತ್ತಲೇ ಇರಲಿಲ್ಲ. ಅವಳು ಏನೋ ಚಾಷ್ಟಿ ಮಾಡುವಳು, ಅವರು ನಗುವರು, ಅಷ್ಟರಲ್ಲಿ ಫೋಟೋ ಆಗಿಬಿಡುತ್ತಿತ್ತು. ತೊಟ್ಟಿಲು, ಕುಬಸ, ಅರಿಷಿಣ, ಎಲ್ಲಕ್ಕೂ ಒಳಗೆ ಹೋಗುವವಳು ಅವಳು. ನಾನು ಗಂಡಸರ ಜೊತೆ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ.

ಇಳಕಲ್ಲಿನ ಒಂದು ನೇಕಾರರ ಮನೆಯಲ್ಲಿ ಸೊಸೆಯ ಕುಬಸ. ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ದಿನ. ಅತ್ತೆ ನಮ್ಮನ್ನು ಕಂಡವಳೇ ವೈನಿಯ ಬರಿ ಹಣೆ ನೋಡಿ ಹೊಸ್ತಿಲಲ್ಲೇ ಕೈ ಅಡ್ಡ ಹಿಡಿದಳು.

"ನೀವು ಹೊರಗ ಕೂಡ್ರಿ ಅವ್ವಾರ. ಶುಭ ಕಾರ್ಯ. ಹೆಸರು ನಿಮ್ಮ ಮೈದುನಾರದು ಐತೆಲ್ಲ, ಅವರಽ ತಗೀಲಿ."

ವೈನಿ ನನ್ನ ಮುಖ ನೋಡಿದಳು. "ಏನು ಮೈದುನಪ್ಪಾ, ಹೆಸರು ನಿಂದ ಐತಂತ. ತಗೀ ಹಂಗಾದ್ರ" ಎಂದು ಕ್ಯಾಮೆರಾದ ಪಟ್ಟಿಯನ್ನು ನನ್ನ ಕೊರಳಿಗೆ ಹಾಕಿದಳು.

ಒಂದು ಮಾತು ಆಡಬೇಕಿತ್ತು. ಆಡಲಿಲ್ಲ, ಒಳಗೆ ಹೋದೆ. ಆ ಕ್ಯಾಮೆರಾದ ಗಾಜಿನಲ್ಲಿ ಎಡದ್ದು ಬಲಕ್ಕೆ ಕಾಣುತ್ತದೆ. ನಾನು ಹೊರಳಿದಂತೆಲ್ಲ ಬಸುರಿ ಜಾರಿ ಗೋಡೆ ಬರುತ್ತಿತ್ತು. ಹೆಂಗಸರೆಲ್ಲ ಸೆರಗನ್ನು ಗಲ್ಲದವರೆಗೆ ಎಳೆದುಕೊಂಡು ಜೋಳದ ಚೀಲಗಳ ಹಾಗೆ ಕೂತಿದ್ದರು.

ಸೊಸೆ ಬಾಯಿ ಬಿಟ್ಟಳು. "ಅತ್ತೀ, ಈ ಫೋಟೋ ಮಾವಾರ ಮುಂದ ನಾ ಹೆಂಗ ನಗ್ಲಿ? ಆ ಅವ್ವನ್ನ ಕರೀರಿ. ಇಲ್ಲಾಂದ್ರ ಫೋಟೋನಽ ಬ್ಯಾಡ."

"ಕುಂಕುಮ ಇಲ್ಲದಾಕಿನ್ನ ಹೆಂಗ ಕರೀಲೇ?"

"ಕ್ಯಾಮೆರಾಕ್ಕ ಹಚ್ಚ್ಯಾರಲ್ರಿ ದೊಡ್ಡ ಕುಂಕುಮ, ಸಾಲೂದಿಲ್ಲೇನು?"

ಹಬ್ಬದ ಪೂಜೆಗೆ ಹಚ್ಚಿದ ಕುಂಕುಮ ಕ್ಯಾಮೆರಾದ ಮೇಲೆ ಹಾಗೇ ಇತ್ತು. ಮನೆಯೆಲ್ಲ ನಕ್ಕಿತು, ಅತ್ತೆಗೂ ತಡೆಯಲಾಗಲಿಲ್ಲ. ವೈನಿ ಒಳಗೆ ಬಂದಳು, ನಾನು ಕಟ್ಟೆಗೆ ಹೋದೆ. ಆ ಫೋಟೋದಲ್ಲಿ ಬಸುರಿ ಹಿಂದಕ್ಕೆ ಬಾಗಿ ನಗುತ್ತಿದ್ದಾಳೆ. ಅಡ್ಡ ಹಿಡಿದಿದ್ದ ಅದೇ ಕೈಯನ್ನು ಅತ್ತೆ ಬಾಯಿಗೆ ಹಿಡಿದು ನಗುತ್ತಿದ್ದಾಳೆ. ಅದರ ಬೆನ್ನಿಗೂ ನಾನು ಸಿಕ್ಕಾ ಒತ್ತಿದೆ.

ಹೋದ ವರ್ಷ, ಊರು ಮುಳುಗಿದ ಮೇಲೆ ಕಟ್ಟಿದ ನವನಗರದಲ್ಲಿ ಹಳೇ ಫೋಟೋಗಳ ಪ್ರದರ್ಶನ ಮಾಡಿದರು. ಮನೆಮನೆಯಿಂದ ಫೋಟೋ ತಂದರು, ಹಿಂದೆ ನನ್ನ ಹೆಸರು ನೋಡಿದರು, ನನಗೆ ಶಾಲು ಹೊದಿಸಿದರು. ವೈನಿ ನೋಯುವ ಮೊಣಕಾಲು ಹಿಡಿದುಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು. ನಿರೂಪಕ ಆ ಇಳಕಲ್ಲಿನ ಫೋಟೋ ತೋರಿಸಿ, "ಒಳಮನೆಯ ಹೆಣ್ಣುಮಕ್ಕಳ ಈ ನಗೆ ನಿಮಗೆ ಹೇಗೆ ಸಿಕ್ಕಿತು, ಹಿರಿಯರೇ?" ಎಂದು ಮೈಕು ಹಿಡಿದ.

"ಅವರೆಲ್ಲ ನನ್ನನ್ನು ಅಣ್ಣ ಅಂತ ತಿಳಿದಿದ್ದರು" ಅಂದೆ ನಾನು. ಚಪ್ಪಾಳೆ ಬಿತ್ತು. ಈಗ ನೆನೆದರೆ ಆ ನಾಲಿಗೆಯನ್ನು ಕಿತ್ತೆಸೆಯಬೇಕು ಅನ್ನಿಸುತ್ತದೆ.

ಹೊರಳಿ ಬರುವಾಗ ಆಟೋದಲ್ಲಿ ಅವಳು ಕೇಳಿದಳು. "ಮೈದುನಪ್ಪಾ, ಆ ಫೋಟೋ ತಗಿಯೂವಾಗ ನೀ ಎಲ್ಲಿದ್ದಿ?"

"ಕಟ್ಟಿ ಮ್ಯಾಲರಿ, ವೈನಿ."

"ಏನು ಮಾಡ್ತಿದ್ದಿ?"

"ಚಹಾ ಕುಡೀತಿದ್ದೆ."

"ಅಷ್ಟಽ ಹೇಳಬೇಕಾಗಿತ್ತು. ಶಾಲು ನೀನಽ ಹೊತ್ಗೋ, ಥಂಡಿ ಐತಿ. ಖರೆ ಮಾತು ಮಾತ್ರ ನಾ ಇರೂದ್ರಾಗ ಹೇಳು."

ಹೇಳುತ್ತೇನೆ ಅಂದೆ. ನಾಳೆ, ಹಬ್ಬ ಆಗಲಿ, ಥಂಡಿ ಕಡಿಮೆಯಾಗಲಿ ಅನ್ನುತ್ತ ದಿನ ದೂಡಿದೆ. ಯುಗಾದಿಗೆ ಮೊದಲೇ ಅವಳು ಹೋದಳು. ಊರಿನವರು ಹಾಕಿಸಿದ ಬ್ಯಾನರಿನಲ್ಲಿ "ಹಿರಿಯ ಛಾಯಾಗ್ರಾಹಕರ ಅತ್ತಿಗೆ" ಎಂದು ಬರೆಸಿದ್ದರು. ಅವಳ ಫೋಟೋದ ಕೆಳಗೂ ನನ್ನದೇ ಬಿರುದು!

ಮಣ್ಣು ಮಾಡಿ ಬಂದ ಮೇಲೆ ಆ ಪ್ರದರ್ಶನದವರ ಬಳಿ ಹೋದೆ. ಎಲ್ಲವನ್ನೂ ಹೇಳಿದೆ, ಹೆಸರು ತಿದ್ದಿರಿ ಅಂದೆ. ಅವರು ನನ್ನ ಕೈ ಹಿಡಿದುಕೊಂಡರು. "ಎಂಥಾ ದೊಡ್ಡ ಮನಸು ಅಜ್ಜಾರ ನಿಮ್ದು! ತೀರಿಹೋದ ಅತ್ತಿಗಿಗೆ ಎಲ್ಲಾ ಕೊಟ್ಟು ಬಿಡಾಕತ್ತೀರಿ."

"ಕೊಡಾಕ ಅದು ನಂದಽ ಅಲ್ಲೋ!" ಎಂದು ಕೂಗಿದೆ. ನೀರು ತಂದು ಕುಡಿಸಿದರು. ಅಜ್ಜನಿಗೆ ದುಃಖ ನೆತ್ತಿಗೇರಿದೆ ಅಂತ ಮನೆಗೆ ಫೋನು ಮಾಡಿದರು. ಗಂಡಸು ಸುಳ್ಳು ಹೇಳಿದಾಗ ಸಾಕ್ಷಿ ಕೇಳದ ಮಂದಿ, ಖರೆ ಹೇಳಿದರೆ ದೊಡ್ಡತನ ಅನ್ನುತ್ತಾರೆ. ಆ ಹೆಂಗಸಿಗೆ ಆ ಕೆಲಸ ಬರುತ್ತಿತ್ತು ಅಂತ ನಂಬುವುದಕ್ಕೆ ಇವರಿಗೇನು ಧಾಡಿ? ಆದರೆ ಈ ನಂಬಿಕೆಗೆ ಸಿಕ್ಕಾ ಒತ್ತಿದವನು ನಾನೇ. ಯಾರಿಗೆ ಬೈಯಲಿ?

ಅದಕ್ಕೇ ಬರೆಯುತ್ತಿದ್ದೇನೆ. ಆ ಕ್ಯಾಮೆರಾಕ್ಕೆ ರೋಲ್ ಹಾಕುವುದು ನನಗೆ ಇಂದಿಗೂ ಬರುವುದಿಲ್ಲ. ಬಾಗಲಕೋಟೆ, ಹುನಗುಂದ, ಇಳಕಲ್ಲಿನ ಯಾವುದೇ ಮನೆಯ ಟ್ರಂಕಿನಲ್ಲಿ ನನ್ನ ಹೆಸರಿನ ಫೋಟೋ ಇದ್ದರೆ ತೆಗೆದು ನೋಡಿರಿ. ಅದರಲ್ಲಿ ನಿಮ್ಮ ಅವ್ವ ಸೆರಗು ಸರಿಸಿ ಬಾಯಿ ತುಂಬ ನಗುತ್ತಿದ್ದರೆ, ಆಗ ನಾನು ಆ ಕೋಣೆಯಲ್ಲಿ ಇರಲಿಲ್ಲ.